ಹತ್ತೊಂಬತ್ತು ಸೀಸೆ, ಒಂದು ಮೀನು

ಮಾಸಿಲಾಮಣಿ ಎತ್ತಿದ ಕೊಳಿಂಜಿ ಸೊಪ್ಪಿನ ಹೊರೆ ಇನ್ನೇನು ದೋಣಿಗೆ ಬೀಳಬೇಕು, ಅಷ್ಟರಲ್ಲಿ ಪೂಮಯಿಲ್ ಓಡಿಬಂದು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

"ಇಳಿಸು ಮಾಮ. ಅಪ್ಪ ಹೋದ್ರು."

ಮಾಸಿಲಾಮಣಿ ಹೊರೆ ಬಿಡಲಿಲ್ಲ. ಎಪ್ಪತ್ತು ದಾಟಿದ ಮುದುಕ, ನಮ್ಮೂರಿನ ಯಜಮಾನ. ಅವನು ಹೂಂ ಅಂದರೆ ದೋಣಿಗಳು ನೀರಿಗಿಳಿಯುತ್ತವೆ, ಊಹೂಂ ಅಂದರೆ ಇಲ್ಲ.

"ಯಾವಾಗ?"

"ಕೋಳಿ ಕೂಗೋ ಹೊತ್ತಿಗೆ. ನೀರು ಕೇಳಿದ್ರು, ಕುಡಿದ್ರು, ಮಲಗಿದ್ರು. ಅಷ್ಟೇ."

"ಒಳ್ಳೆ ಸಾವು," ಅಂದ ಅವನು. "ಹೆಣ ಎತ್ತೋಕೆ ನಾಲ್ಕು ಜನರನ್ನ ಬಿಟ್ಟು ಹೋಗ್ತೀನಿ. ತಮಟೆಯವರಿಗೂ ಹೇಳಿ ಕಳಿಸ್ತೀನಿ."

"ನಾಲ್ಕು ಜನ ಯಾಕೆ ಮಾಮ? ದೋಣಿ ನಿಲ್ಲಿಸಲ್ವಾ?"

ಸುತ್ತ ಮೂವತ್ತೆಂಟು ದೋಣಿಗಳ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ನೆಟ್ಟಗೆ ಮಾಡಿದರು. ಅದು ವೈಕಾಸಿ ತಿಂಗಳ ಕೊನೆ. ರೆಕ್ಕೆ ಬಿಚ್ಚಿ ಅಲೆಯ ಮೇಲೆ ಹಾರುವ ಕೋಲಾ ಮೀನು ನಮ್ಮ ತೀರಕ್ಕೆ ಬರುವುದು ವರ್ಷಕ್ಕೆ ನಲವತ್ತೇ ದಿನ. ಸೊಪ್ಪಿನ ಹೊರೆಗಳನ್ನು ಹಗ್ಗಕ್ಕೆ ಕಟ್ಟಿ ನಡುಗಡಲಲ್ಲಿ ತೇಲಿಬಿಟ್ಟರೆ ಬಸುರಿ ಮೀನು ಮೊಟ್ಟೆಯಿಡಲು ತಾನಾಗಿ ಬಂದು ಮುತ್ತುತ್ತದೆ. ಬಲೆಯಲ್ಲಿ ಮೊಗೆದುಕೊಳ್ಳುವುದಷ್ಟೇ ನಮ್ಮ ಕೆಲಸ. ಅಂಥ ಒಂದು ದಿನ ಬಿಡುವುದೆಂದರೆ ಉಣ್ಣುತ್ತಿರುವಾಗ ಎಲೆ ಎಳೆದಂತೆ.

ಆದರೂ ಕಡಲಿಗೆ ಹೋಗುವವನು ಸತ್ತರೆ ಬಿಡುತ್ತೇವೆ. ಅವತ್ತು ಒಂದು ದೋಣಿಯೂ ನೀರು ಮುಟ್ಟುವುದಿಲ್ಲ. ಪ್ರತಿ ದೋಣಿಯ ಮುಂದೆ ಅದರ ಯಜಮಾನ ದೋಣಿ ನಡೆಸುವ ಹುಟ್ಟನ್ನು ಅಲಗು ಮೇಲಾಗಿ ಮರಳಿನಲ್ಲಿ ನೆಡುತ್ತೇವೆ. ಸತ್ತವನ ಹುಟ್ಟು ಅವನ ಜೊತೆ ಚಿತೆಗೆ ಹೋಗುತ್ತದೆ. ಮೇಷ್ಟರೋ ಅಂಗಡಿಯವನೋ ಸತ್ತರೆ ಮರ್ಯಾದೆಯಿಂದ ನಾಲ್ಕು ಹನಿ ಅತ್ತು, ದೋಣಿ ಇಳಿಸುತ್ತೇವೆ.

"ಅದು ಕಡಲಿಗೆ ಹೋಗೋರಿಗೆ, ತಾಯಿ," ಅಂದ ಮಾಸಿಲಾಮಣಿ. "ನಿಮ್ಮಪ್ಪ ಬಾಟ್ಲಿ ತೊಳೆದವನು. ಮೂವತ್ತು ವರ್ಷದಿಂದ ಅವನ ಕಾಲಿಗೆ ಉಪ್ಪುನೀರು ತಾಗಿಲ್ಲ. ಅವನ ಹುಟ್ಟು ಎಲ್ಲಿದೆ ತೋರಿಸು, ಈಗಲೇ ನಿಲ್ಲಿಸ್ತೀನಿ."

"ಅವರ ಹುಟ್ಟು ಏನಾಯ್ತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮಾಮ?"

ಊರಿಗೆಲ್ಲ ಗೊತ್ತಿದ್ದ ಕತೆ ಅದು. ಅವಳ ಅಪ್ಪ ವೈರಕ್ಕಣ್ಣು ಮತ್ತು ಮಾಸಿಲಾಮಣಿ ಹದಿನೈದು ವರ್ಷ ಒಂದೇ ದೋಣಿಯಲ್ಲಿ ದುಡಿದವರು. ಕೋಲಾ ಸುಗ್ಗಿಯ ನಡುವೆಯೇ ಒಂದು ದಿನ ವೈರಕ್ಕಣ್ಣು ಹುಟ್ಟನ್ನು ದೋಣಿಯಲ್ಲಿಟ್ಟು, ಬಂದರಿನ ಪೇಟೆಯಲ್ಲಿದ್ದ ಸರ್ಕಾರದ ಮೀನಿನ ಆಫೀಸಿಗೆ ಕೆಲಸಕ್ಕೆ ಹೋದ. ಮಾಸಿಲಾಮಣಿ ಆ ಹುಟ್ಟನ್ನು ಕೊಡಲಿಯಿಂದ ಸೀಳಿ, ಒಲೆಗೆ ಹಾಕಿ, ಮೀನು ಸಾರು ಬೇಯಿಸಿ ಊರವರಿಗೆ ಬಡಿಸಿದ.

"ಸಾರು ಮಾತ್ರ ಬಲು ರುಚಿಯಾಗಿತ್ತು," ಎಂದು ಹಿಂದಿನಿಂದ ಯಾರೋ ಅಂದರು.

"ಬಾಯಿ ಮುಚ್ಚಿ!" ಮಾಸಿಲಾಮಣಿ ಹೊರೆಯನ್ನು ಮರಳಿನ ಮೇಲೆ ಹಾಕಿದ. "ದೋಣಿಯನ್ನ ಕಡಲಿಗೆ ಒಯ್ಯೋ ನೆಲದ ಗಾಳಿ ಹತ್ತು ಗಂಟೆವರೆಗೆ ಇರುತ್ತೆ. ಅಲ್ಲಿವರೆಗೆ ಕಾಯ್ತೀನಿ. ಅವನು ಕಡಲಿಗೆ ಹೋಗ್ತಿದ್ದ ಅಂತ ಹೇಳೋರು ಒಬ್ಬರಾದರೂ ಬರಲಿ. ಬರದಿದ್ರೆ ದೋಣಿ ಇಳಿಯುತ್ತೆ."

*

ವೈರಕ್ಕಣ್ಣುವನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಹೆಂಡತಿ ಅಂಜಲೆ ತಲೆಯ ಬಳಿ ಕೂತು ನೊಣ ಓಡಿಸುತ್ತಿದ್ದಳು. ಹೆಂಗಸರು ಎದೆ ಬಡಿದುಕೊಂಡು ಹಾಡಿ ಅಳಲು ಶುರುಮಾಡಿ, ಏನೆಂದು ಹೊಗಳಬೇಕೋ ತಿಳಿಯದೆ ನಡುವೆಯೇ ನಿಲ್ಲಿಸಿದರು. ಅಲೆ ಸೀಳಿದ ಧೀರ ಅನ್ನೋಣವೆಂದರೆ ಸತ್ತವನು ಸೀಸೆ ತೊಳೆದವನು.

"ಹಾಡಿ, ನಿಲ್ಲಿಸಬೇಡಿ," ಅಂದಳು ಅಂಜಲೆ. "ಔಷಧಿ ನೀರಿನ ರಾಜ ಅಂತಾದ್ರೂ ಹಾಡಿ. ಮೊದಲ ವರ್ಷ, ಮೀನು ಕೆಡದ ಹಾಗೆ ಇಡೋ ಆ ಔಷಧಿಯ ನಾತಕ್ಕೆ ನಾನು ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ."

"ಎರಡನೇ ವರ್ಷ, ಅಕ್ಕ?"

"ಎರಡನೇ ವರ್ಷ ಅಭ್ಯಾಸ ಆಯ್ತು."

ಸಾವಿನ ಮನೆಯಲ್ಲಿ ನಗು ಬಂತು. ನಗುತ್ತಲೇ ಅಂಜಲೆ ಅತ್ತಳು.

ಒಂಬತ್ತು ಗಂಟೆಗೆ ಬೀದಿಯ ತುದಿಯಲ್ಲಿ ಆಟೋ ನಿಂತಿತು. ಕನ್ನಡಕದ, ಬಿಳಿ ಸೀರೆಯ ಒಬ್ಬ ಮುದುಕಿ ಇಳಿದರು. ಚಾಲಕ ಒಂದು ಮರದ ಪೆಟ್ಟಿಗೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಹಿಂದೆ ಬಂದ. ಆಕೆ ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು, ಸತ್ತವನ ಪಾದ ಮುಟ್ಟಿದರು.

"ಯಾರಮ್ಮ ನೀವು?" ಎಂದಳು ಪೂಮಯಿಲ್.

"ಏಲಿಯಮ್ಮ. ಮೀನಿನ ಆಫೀಸಲ್ಲಿ ಮೀನಿನ ಜಾತಿ ಗುರುತಿಸೋ ಡಾಕ್ಟರ್ ಆಗಿದ್ದೆ. ಬೆಳಿಗ್ಗೆ ಆಫೀಸಿನವರು ಸುದ್ದಿ ಹೇಳಿದ್ರು. ನಾನು ಹೆಸರಿಟ್ಟ ಮೀನನ್ನ ಇಲ್ಲದ ಹಾಗೆ ಮಾಡಿದವನು ನಿಮ್ಮಪ್ಪ. ಅವನ ಸಾವಿಗೆ ನಾನು ಬರದೆ ಇನ್ಯಾರು ಬರಬೇಕು?"

*

ವೈರಕ್ಕಣ್ಣು ಆಫೀಸಿಗೆ ಸೇರಿದ ಕಾಲಕ್ಕೆ ಏಲಿಯಮ್ಮನಿಗೆ ಮೂವತ್ತೆರಡು. ಆಫೀಸಿನ ಮೇಜಿನ ಮೇಲೆ ಪಿಂಗಾಣಿ ತಟ್ಟೆಯಲ್ಲಿ ಬೆರಳುದ್ದದ ಮೀನು. ರೆಕ್ಕೆ ಚಿಟ್ಟೆಯದರಂತೆ ಮಚ್ಚೆ ಮಚ್ಚೆ. ಗದ್ದದಿಂದ ಇಳಿದ ಎರಡು ಕಪ್ಪು ಮೀಸೆ, ಮೈಯಷ್ಟೇ ಉದ್ದ. ಇದು ಹೊಸ ಜಾತಿಯೆಂದು ಆಕೆ ಹೆಸರಿಟ್ಟು, ಚಿತ್ರ ಬರೆಸಿ, ಅಚ್ಚು ಹಾಕಿಸಿದ್ದರು.

ಇನ್ನೂರು ವರ್ಷದಿಂದ ನಮ್ಮ ಮೀನುಗಳಿಗೆ ಹೆಸರಿಟ್ಟವರು ಬಹುಪಾಲು ಬಿಳಿಯರೇ. ನಮ್ಮ ತೀರದ ಪಾದ್ರಿಗಳು ಮೀನನ್ನು ಸಾರಾಯಿಯಲ್ಲಿ ಅದ್ದಿ ಹಡಗು ಹತ್ತಿಸುವುದು, ನಮ್ಮ ಕಡಲನ್ನು ಕಣ್ಣಲ್ಲೂ ಕಾಣದ ಪಂಡಿತರು ಅಲ್ಲೆಲ್ಲೋ ಕೂತು ಬಣ್ಣ ಹೋದ ಮೀನಿಗೆ ಹೆಸರು ಕಟ್ಟುವುದು. ಅಂಥವರ ಸಾಲಿನಲ್ಲಿ ಕೊಟ್ಟಾಯಂ ಕಡೆಯ ಒಬ್ಬ ಹೆಣ್ಣುಮಗಳು ಸೇರಿದ್ದು ಸಣ್ಣ ಮಾತಲ್ಲ.

ಸೀಸೆ ತೊಳೆಯುತ್ತಿದ್ದ ವೈರಕ್ಕಣ್ಣು ತಟ್ಟೆಯೊಳಗೆ ಇಣುಕಿದ.

"ಅಮ್ಮಾ, ಇದು ಕೋಲಾದ ಮರಿ."

"ಯಾವ ಕೋಲಾ?"

"ನಾವು ತಿನ್ನೋದು. ಸೊಪ್ಪಿಗೆ ಬರೋದು."

"ಅದಕ್ಕೆ ಮೀಸೆ ಇದೆಯೇನಯ್ಯಾ? ರೆಕ್ಕೆ ಮೇಲೆ ಮಚ್ಚೆ ಇದೆಯಾ?"

"ಇಲ್ಲ. ಚಿಕ್ಕದರಲ್ಲಿ ಮೀಸೆ ಬಿಡುತ್ತೆ, ದೊಡ್ಡದಾದ ಮೇಲೆ ಬೋಳಿಸಿಕೊಳ್ಳುತ್ತೆ. ನಮಗೆ ಉಲ್ಟಾ."

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕೆಂದ. ಏಲಿಯಮ್ಮನ ಮುಖ ಕೆಂಪಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆಕೆಯದಂತೂ ಚಿಟ್ಟೆಯಂಥ ಮೀನು.

"ಮೀಸೆ ಉದುರೋದನ್ನ ಕಣ್ಣಾರೆ ನೋಡಿದ್ದೀಯಾ?"

"ನಮ್ಮಜ್ಜ ಹೇಳ್ತಿದ್ರು."

"ಅಜ್ಜನ ಮಾತು ಅಚ್ಚಿಗೆ ಹೋಗಲ್ಲ. ತಂದು ತೋರಿಸು. ಮೊಟ್ಟೆಯಿಂದ ಹಿಡಿದು ಒಂದೊಂದು ಅಳತೆಯದೂ ಬೇಕು. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡು ಬಾಟ್ಲಿ ತೊಳಿ."

ಅವನು ಬಾಯಿ ಮುಚ್ಚಿಕೊಂಡೇ ತಂದ. ಮೂರು ಸುಗ್ಗಿ ಹಿಡಿಯಿತು. ರಜೆಯ ಮಾರನೆಯ ದಿನ ಆಕೆಯ ಕಿಟಕಿಯ ಮೇಲೆ ಒಂದೊಂದು ಸೀಸೆ ಬಂದು ಕೂರುತ್ತಿತ್ತು. ಮೊದಲನೆಯದರಲ್ಲಿ ಸೊಪ್ಪಿನ ಎಳೆಗೆ ಅಂಟಿದ ಮೊಟ್ಟೆ. ಎರಡನೆಯದರಲ್ಲಿ ರೆಪ್ಪೆಗೂದಲಷ್ಟು ಮರಿ, ಮೀಸೆಯಿಲ್ಲ. ನಾಲ್ಕನೆಯದಕ್ಕೆ ಗದ್ದದಡಿ ಎರಡು ಚುಕ್ಕೆ. ಎಂಟನೆಯದು ಆಕೆಯ ಚಿಟ್ಟೆ ಮೀನೇ. ಹದಿಮೂರನೆಯದಕ್ಕೆ ಮೀಸೆ ಮೋಟು, ಮಚ್ಚೆ ಮಸುಕು. ಹತ್ತೊಂಬತ್ತನೆಯದು ನಾವು ಹುಣಸೆ ಹಿಂಡಿ ಸಾರು ಮಾಡುವ ಕೋಲಾ. ಏಲಿಯಮ್ಮ ನೆತ್ತಿಯಿಂದ ಬೆನ್ನಿನ ಈಜುರೆಕ್ಕೆಯವರೆಗಿನ, ಮೀನು ಬೆಳೆದರೂ ಎಣಿಕೆ ಬದಲಾಗದ ಹುರುಪೆಗಳನ್ನು ಎಣಿಸಿದರು. ಎಂಟನೆಯದರಲ್ಲಿ ಇಪ್ಪತ್ತೊಂಬತ್ತು. ಹತ್ತೊಂಬತ್ತನೆಯದರಲ್ಲೂ ಇಪ್ಪತ್ತೊಂಬತ್ತು.

ಅವತ್ತು ಆಕೆ ಬಾಗಿಲು ಹಾಕಿಕೊಂಡು ಅತ್ತರು. ಮಾರನೆಯ ದಿನ ತಾವಿಟ್ಟ ಹೆಸರನ್ನು ತಾವೇ ಹೊಡೆದುಹಾಕಿ ಅಚ್ಚಿಗೆ ಕಳಿಸಿದರು. ಕೆಳಗೆ ಒಂದು ಸಾಲು ಸೇರಿಸಿದರು: ಇದನ್ನು ಕಂಡು ತೋರಿಸಿದವರು ವೈರಕ್ಕಣ್ಣು.

"ಮುಂದೆ ಹೊಸ ಮೀನು ಸಿಕ್ಕರೆ ನಿನ್ನ ಹೆಸರಿಡ್ತೀನಿ ಕಣಯ್ಯಾ," ಅಂದರು.

"ಬೇಡಮ್ಮಾ. ಅದಕ್ಕೂ ನಮ್ಮಲ್ಲಿ ಏನಾದ್ರೂ ಹೆಸರಿದ್ದೇ ಇರುತ್ತೆ," ಅಂದ ಅವನು.

*

ಹತ್ತು ಗಂಟೆಗೆ ಮಾಸಿಲಾಮಣಿ ಬಂದಾಗ ಜಗುಲಿಯ ಅಂಚಿನಲ್ಲಿ ಹತ್ತೊಂಬತ್ತು ಸೀಸೆಗಳು ಸಾಲಾಗಿ ನಿಂತಿದ್ದವು. ಊರಿನ ಹೆಂಗಸರು ಮೊಟ್ಟೆಯಿಂದ ರೆಕ್ಕೆಯವರೆಗೆ ಬೆರಳಿಟ್ಟು ನೋಡುತ್ತಿದ್ದರು.

"ನೋಡು ಮಾಮ," ಅಂದಳು ಪೂಮಯಿಲ್. "ದೊಡ್ಡ ದೊಡ್ಡ ಓದಿನವರು ಮಾಡಿದ ತಪ್ಪನ್ನ ನಮ್ಮಪ್ಪ ತಿದ್ದಿದ್ದು."

ಮಾಸಿಲಾಮಣಿ ಬಗ್ಗಿ ನೋಡಿದ. ಅವನ ಮುಖ ಸಡಿಲವಾಯಿತು, ಮತ್ತೆ ಬಿಗಿಯಾಯಿತು.

"ಬುದ್ಧಿವಂತ, ಇಲ್ಲ ಅನ್ನಲ್ಲ. ಬುದ್ಧಿವಂತ ಅಂತ ದೋಣಿ ನಿಲ್ಲಿಸಿದರೆ ನಾಳೆ ಪೋಸ್ಟ್ ಮಾಸ್ಟರಿಗೂ ನಿಲ್ಲಿಸಬೇಕಾಗುತ್ತೆ." ಹೊರಡಲು ತಿರುಗಿದವನು ನಿಂತ. "ಅಲ್ಲಾ, ಈ ಬೆರಳುದ್ದದ ಮರಿಯೆಲ್ಲ ಎಲ್ಲಿ ಸಿಕ್ತು ಅವನಿಗೆ?"

"ದೋಣಿಯವರ ಹತ್ತಿರ ಇಸಕೊಂಡ ಅಂತ ನಾನು ತಿಳಿದಿದ್ದೆ," ಅಂದರು ಏಲಿಯಮ್ಮ.

"ನಮ್ಮ ಹತ್ತಿರ ಯಾರೂ ಕೇಳಿಲ್ಲ ಡಾಕ್ಟರಮ್ಮ. ಇಷ್ಟು ಸಣ್ಣದು ನಮ್ಮ ಬಲೆಯ ಕಣ್ಣಲ್ಲಿ ನಿಲ್ಲೋದೂ ಇಲ್ಲ."

"ಒಳಗೆ ಚೀಟಿ ಹಾಕಿದ್ದಾನೆ. ನಾನು ತಾರೀಖು ಮಾತ್ರ ನೋಡಿದೆ. ಉಳಿದದ್ದು ಏನೋ ಹಾಡಿನ ಹಾಗಿತ್ತು, ಅರ್ಥ ಆಗಲಿಲ್ಲ."

ಪೂಮಯಿಲ್ ಎಂಟನೆಯ ಸೀಸೆಯನ್ನು ಬಿಸಿಲಿಗೆ ಹಿಡಿದಳು. ಪೆನ್ಸಿಲಿನ ಅಕ್ಷರ ಇನ್ನೂ ಮಾಸಿರಲಿಲ್ಲ.

"'ವೈಕಾಸಿ ಹನ್ನೆರಡು. ಗೋಪುರ ಮುಳುಗಿದ ಮೇಲೂ ಬಹಳ ದೂರ. ನಲವತ್ತು ಮಾರು. ಗುಂಡಿಗೆ ಅಂಟಿದ್ದು ಕಪ್ಪು ಕೆಸರು, ಒಡೆದ ಶಂಖ. ಮೂರು ಮರ. ಒಬ್ಬನೇ.'"

ಜಗುಲಿಯ ಸುತ್ತ ನಿಂತಿದ್ದ ಗಂಡಸರು ಹತ್ತಿರ ಸರಿದರು.

"ಹಾಗಂದ್ರೆ ಏನು?" ಎಂದು ಕೇಳಿದರು ಏಲಿಯಮ್ಮ. ಮಾಸಿಲಾಮಣಿ ಆಕೆಯ ಕಡೆ ನೋಡದೆ ಮೆಲ್ಲಗೆ ಹೇಳಿದ.

"ದೋಣಿ ದೂರ ಹೋಗ್ತಾ ಹೋಗ್ತಾ ನಮ್ಮ ಗುಡಿಯ ಗೋಪುರ ನೀರಿಗಿಳಿದು ಕಾಣದಾಗುತ್ತೆ. ಅದರಾಚೆ ನಾವು ಏಳು ಜನ ಇಲ್ಲದೆ ಹೋಗಲ್ಲ. ನಲವತ್ತು ಮಾರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ತಳಕ್ಕೆ ಇಳಿಬಿಟ್ರೆ ಅಲ್ಲಿ ಅಂಟಿ ಬರೋದು ಕಪ್ಪು ಕೆಸರು, ಒಡೆದ ಶಂಖ. ಗುಂಡು ಬಿಟ್ಟವನಿಗೆ ಮಾತ್ರ ಗೊತ್ತು ಅದು. ಮೂರು ಮರ ಅಂದ್ರೆ ಮೂರು ದಿಮ್ಮಿ ಕಟ್ಟಿದ ತೆಪ್ಪ. ಅದರಲ್ಲಿ ನಾವು ದಡದ ಹತ್ತಿರ ಸೀಗಡಿ ಹಿಡೀತೀವಿ." ಅವನು ಮುಂದಿನ ಸೀಸೆಯನ್ನು ಅವಳ ಕಡೆ ಸರಿಸಿದ. "ಇನ್ನೊಂದು ಓದು."

ಪೂಮಯಿಲ್ ಒಂದೊಂದಾಗಿ ಓದಿದಳು. ಪ್ರತಿಯೊಂದರಲ್ಲೂ ಗೋಪುರ ಮುಳುಗಿತ್ತು, ಪ್ರತಿಯೊಂದರಲ್ಲೂ ಅವನು ಒಬ್ಬನೇ ಇದ್ದ. ಹದಿಮೂರನೆಯದನ್ನು ಓದುವಾಗ ಅವಳ ದನಿ ಏರಿತು.

"'ಆನಿ ತಿಂಗಳು ಮೂರು. ಬಿರುಗಾಳಿಯ ಮಾರನೆ ದಿನ. ಕುಡಿಯುವ ನೀರು ಮುಗಿದಿದೆ. ತೆಂಕಲಲ್ಲಿ ಒಂದು ದೋಣಿ, ಹಳದಿ ತೇಪೆ ಹಾಕಿದ ಹಾಯಿ. ಕೂಗಿದೆ. ಕೇಳಿಸಲಿಲ್ಲ ಅವರಿಗೆ.'"

ಹಳದಿ ತೇಪೆಯ ಹಾಯಿ ಯಾರದೆಂದು ಯಾರೂ ಕೇಳಲಿಲ್ಲ. ಎಲ್ಲರೂ ಮಾಸಿಲಾಮಣಿಯನ್ನೇ ನೋಡಿದರು.

"ಕೇಳಿಸಿತ್ತು," ಅಂದ ಅವನು. "ಪಕ್ಕದೂರಿನ ಯಾವನೋ ಹುಚ್ಚ, ಮೀನಿರೋ ಜಾಗ ಕೇಳ್ತಿದ್ದಾನೆ ಅಂದ್ಕೊಂಡೆ. ನಾನೇ ಹಾಯಿ ತಿರುಗಿಸಿದೆ."

ಅವನು ಜಗುಲಿಯ ಕಂಬ ಹಿಡಿದು ಕೂತ. "ಅಂಜಲೆ, ನೀನಾದ್ರೂ ಹೇಳಬಾರದಿತ್ತಾ?"

"ನನಗೆಲ್ಲಿ ಗೊತ್ತು ಅಣ್ಣ? ಡ್ಯೂಟಿ ಅಂತ ರಜೆ ದಿನವೂ ಪೇಟೆಯಲ್ಲೇ ಉಳೀತಿದ್ರು. ಅಂಗಿ ಒಗೆಯೋವಾಗ ಬಿಳಿ ಉಪ್ಪು ಉದುರೋದು. ಔಷಧಿ ಅಂದ್ಕೊಂಡಿದ್ದೆ." ಅವಳು ಗಂಡನ ತಲೆಗೂದಲು ಸರಿಮಾಡಿದಳು. "ನನ್ನ ಗಂಡ ಕಡಲಿಗೆ ಹೋಗ್ತಿದ್ರು," ಅಂದಳು, ಬೀದಿಗೆಲ್ಲ ಕೇಳುವಂತೆ. "ಗೋಪುರದಾಚೆ ಹೋಗ್ತಿದ್ರು!"

ಮಾಸಿಲಾಮಣಿ ಎದ್ದ. "ಶಂಖ ಊದ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದ. "ಒಂದು ದೋಣಿಯೂ ನೀರು ಮುಟ್ಟಬಾರದು!"

ಹೆಂಗಸರು ಈಗ ಹಾಡಿದರು. ಏನು ಹಾಡಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮಧ್ಯಾಹ್ನ ಚಟ್ಟ ಎದ್ದಾಗ ಅದರ ಮುಂದೆ ಹತ್ತೊಂಬತ್ತು ಸೀಸೆಗಳು ನಡೆದವು. ಮೊದಲ ಸೀಸೆ ಊರಿನ ಸೂಲಗಿತ್ತಿಯ ಕೈಯಲ್ಲಿ, ಕೊನೆಯದು ಪೂಮಯಿಲ್ ಕೈಯಲ್ಲಿ. "ಎಂಟನೆಯದು ನನಗೆ ಕೊಡಿ," ಎಂದು ಏಲಿಯಮ್ಮ ಇಸಕೊಂಡಿದ್ದರು. ಬೀದಿಯ ತುದಿಯಲ್ಲಿ ಹೆಂಗಸರು ನಿಲ್ಲಬೇಕು. ಅಲ್ಲಿ ಆಕೆ ಸೀಸೆಯನ್ನು ಎತ್ತಿ ಹಿಡಿದರು. ಚಿಟ್ಟೆಯ ರೆಕ್ಕೆ, ಉದ್ದ ಮೀಸೆ ಎಲ್ಲರಿಗೂ ಕಂಡವು.

"ಇದಕ್ಕೆ ನಾನು ಹೆಸರಿಟ್ಟಿದ್ದೆ," ಅಂದರು, ನಗುತ್ತ, ಕಣ್ಣೊರೆಸಿಕೊಳ್ಳುತ್ತ. "ಇದು ಕೋಲಾ."

ಚಟ್ಟದ ಮೇಲೆ ಹೆಣದ ಮಗ್ಗುಲಿಗೆ ಒಂದು ಹುಟ್ಟು ಇತ್ತು. ನಲವತ್ತು ವರ್ಷ ಹಿಡಿದು ಹಿಡಿಕೆ ನುಣುಪಾಗಿ ಕಪ್ಪಗಾಗಿತ್ತು. ಅದನ್ನು ಇಡುವಾಗ ಅಂಜಲೆ ಮಾಸಿಲಾಮಣಿಯ ಕೈ ಹಿಡಿದು "ಇದು ನಿನ್ನದಲ್ವಾ ಅಣ್ಣ, ಬೇಡ" ಅಂದಿದ್ದಳು. "ಸುಮ್ಮನಿರು," ಅಂದಿದ್ದ ಅವನು.

ಸಂಜೆ ಚಿತೆಯ ಹೊಗೆ ಇಳಿದ ಮೇಲೆ ನಾವು ತೀರಕ್ಕೆ ಬಂದೆವು. ಸೊಪ್ಪಿನ ಹೊರೆಗಳು ಮರಳಿನ ಮೇಲೆ ಬಾಡುತ್ತಿದ್ದವು. ಮೂವತ್ತೆಂಟು ದೋಣಿಗಳು ಕಡಲಿಗೆ ಮುಖಮಾಡಿ ನಿಂತಿದ್ದವು. ಒಂದೊಂದರ ಮುಂದೆಯೂ ಅಲಗು ಮೇಲಾಗಿ ನೆಟ್ಟ ಹುಟ್ಟು, ಉದ್ದಕ್ಕೂ ಸಾಲಾಗಿ. ಮಾಸಿಲಾಮಣಿಯ ದೋಣಿಯ ಮುಂದೆ ಮಾತ್ರ ಬರೀ ಮರಳು. ಅವನು ಅಲ್ಲಿ, ಹುಟ್ಟು ನೆಡುವ ಜಾಗದಲ್ಲಿ, ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದ.