ಹೈಡ್ರಿಲ್ಲಾ ಉಪವಾಸ ಕುಳಿತ ದಿನ

ಒಂದು ಎಲೆಯೊಳಗೆ ಎಷ್ಟು ಅಡುಗೆಮನೆಗಳಿವೆ ಎಂದು ಕೇಳಿದರೆ, ಎಣಿಸಲು ಹೋದವರು ಯಾರೂ ವಾಪಸ್ಸು ಬಂದಿಲ್ಲ ಎನ್ನುತ್ತಾರೆ ನನ್ನ ಅಕ್ಕು ಅಜ್ಜಿ. ಅವರ ಕಥೆಯಲ್ಲಿ ಪ್ರತಿ ಅಡುಗೆಮನೆಗೂ ಹಸಿರು ಸೀರೆಯುಟ್ಟ ಒಬ್ಬಳು ಅಡುಗೆಯವಳು. ಸೂರ್ಯ ಬಂದು ಒಲೆ ಹಚ್ಚುತ್ತಾನೆ, ಬೇರು ನೀರು ಹೊತ್ತು ತರುತ್ತದೆ, ಎಲೆಯ ಅಡಿಯಲ್ಲಿರುವ ಸಣ್ಣ ಸಣ್ಣ ಬಾಗಿಲುಗಳಿಂದ ಗಾಳಿ ಅಕ್ಕಿ ತಂದು ಸುರಿಯುತ್ತದೆ. ಅವಳು ಸಕ್ಕರೆ ಮಾಡಿಟ್ಟು, ಬೇಡದ ಹಬೆಯನ್ನು ಹೊರಗೆ ಬಿಡುತ್ತಾಳೆ. ಆ ಹಬೆಯನ್ನು ಮೂಗಿನಲ್ಲಿ ಎಳೆದುಕೊಂಡೇ ನಾವೆಲ್ಲ ಬದುಕಿರುವುದು. ಏಳನೇ ತರಗತಿಯಲ್ಲಿ ಇದರ ಹೆಸರು ದ್ಯುತಿಸಂಶ್ಲೇಷಣೆ ಎಂದು ತಿಳಿದಾಗ, ಇಷ್ಟು ಸುಲಭದ ಅಡುಗೆಗೆ ಇಷ್ಟು ಕಷ್ಟದ ಹೆಸರು ಯಾರಿಟ್ಟರೋ ಎಂದು ನನಗೆ ಒಂದು ವಾರ ಬೇಸರವಿತ್ತು.

ಆ ಬೇಸರದಲ್ಲೇ ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ. ಈಗ ನನಗೆ ಕಟಪಾಡಿಯ ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಬೇಕಿತ್ತು. ಕೆಲಸ ಒಂದು, ಬಂದವರು ಇಬ್ಬರು. ಉಜ್ವಲ್ ಎಂಬವನು ಸೋಮವಾರವೇ ಪಾಠ ಮಾಡಿ ತೋರಿಸಿಯಾಗಿತ್ತು. ಅಂದು ಸಂಜೆ ಮುಖ್ಯೋಪಾಧ್ಯಾಯಿನಿ ಬರ್ತಾ ಟೀಚರ್ ನನಗೆ ಫೋನ್ ಮಾಡಿದರು.

“ಅಕ್ಷಿತಾ, ಅವರು ದೊಡ್ಡ ಪರದೆಯಲ್ಲಿ ವಿಡಿಯೋ ತೋರಿಸಿದರು. ನೀರಿನ ಗಿಡದಿಂದ ಗುಳ್ಳೆ ಬಂತು, ಚಂದ ಉಂಟು. ಆದರೆ ನನಗೆ ಗುಳ್ಳೆ ಪರದೆಯಲ್ಲಿ ಬೇಡ, ಪಾತ್ರೆಯಲ್ಲಿ ಬರಬೇಕು. ನಾಳೆ ನೀವು ತೋರಿಸಿದರೆ ಕೆಲಸ ನಿಮಗೆ. ಗುಳ್ಳೆ ಬಾರದಿದ್ದರೆ ಅವರಿಗೆ.”

ನನಗೆ ಹೆದರಿಕೆಯಿರಲಿಲ್ಲ. ನಮ್ಮೂರು ಮಟ್ಟುವಿನಲ್ಲಿ, ಗುಳ್ಳ ಬದನೆ ಬೆಳೆಯುವ ನಮ್ಮ ಗದ್ದೆಯ ಬದಿಯ ಸಣ್ಣ ನೀರಿನ ತೋಡಿನಲ್ಲಿ ಹೈಡ್ರಿಲ್ಲಾ ಗಿಡ ಬೇಕಾದಷ್ಟು ಬೆಳೆಯುತ್ತದೆ. ಅಂದು ಮಧ್ಯಾಹ್ನವೇ ಒಂದು ಹಿಡಿ ತಂದು, ತೋಡಿನ ನೀರಿನಲ್ಲೇ ಜಗಲಿಯ ಮೇಲಿಟ್ಟು ನೋಡಿದ್ದೆ. ನಿಮಿಷಕ್ಕೆ ಹದಿನಾಲ್ಕು ಗುಳ್ಳೆ, ಒಂದರ ಹಿಂದೆ ಒಂದು, ಬಾಲವಾಡಿಯ ಮಕ್ಕಳ ಸಾಲಿನಂತೆ.

ಮಂಗಳವಾರ ಬೆಳಿಗ್ಗೆ ನಾನು ತಲೆ ಬಾಚಿಕೊಂಡು ಹೊರಗೆ ಬರುವಷ್ಟರಲ್ಲಿ ಅಜ್ಜಿ ಗಿಡವನ್ನು ಹಾಲಿನ ಸ್ಟೀಲ್ ಕ್ಯಾನಿಗೆ ಹಾಕಿ, ಮುಚ್ಚಳ ಬಿಗಿದು, ತಾವೂ ಇಸ್ತ್ರಿ ಸೀರೆಯುಟ್ಟು ಚಪ್ಪಲಿ ಹಾಕಿ ನಿಂತಿದ್ದರು.

“ನೀವು ಎಲ್ಲಿಗೆ ಅಜ್ಜಿ?”

“ಇದನ್ನು ಯಾರು ಹಿಡಿಯುವುದು? ನಿನಗೆ ಬಸ್ಸಿನಲ್ಲಿ ಕಿಟಕಿ ಸಿಕ್ಕಿದರೆ ಕೈಯಲ್ಲಿ ಎಂತ ಉಂಟೆಂದು ನೆನಪಿರುವುದಿಲ್ಲ.”

ಬಸ್ಸಿನಲ್ಲಿ ಕಂಡಕ್ಟರ್ ಕ್ಯಾನ್ ನೋಡಿ ಕೇಳಿದ. “ಹಾಲು ಡಿಪೋಗಾ ಅಜ್ಜಿ?”

“ಹಾಲಲ್ಲ ಮಾರಾಯ. ಇದಕ್ಕೆ ಇವತ್ತು ಇಂಟರ್‌ವ್ಯೂ.”

ಅವನು ಕ್ಯಾನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. “ಹಾಗಾದರೆ ಟಿಕೆಟ್ ಎರಡಾ, ಮೂರಾ?”

ಜುಲೈ ತಿಂಗಳು. ಹತ್ತು ಗಂಟೆಗೇ ಸಂಜೆಯಾದಂತೆ ಮೋಡ ಕವಿದಿತ್ತು. ಏಳನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಬರ್ತಾ ಟೀಚರ್, ತೊಡೆಯ ಮೇಲೆ ನೋಟ್ ಪುಸ್ತಕ. ಜಗಲಿಯಲ್ಲಿ ಕೂರಿ ಎಂದು ನಾನು ಹೇಳಿದ್ದರೂ ಅಜ್ಜಿಗೆ ಕೊನೆಯ ಬೆಂಚಿನವರು ಸರಿದು ಜಾಗ ಕೊಟ್ಟಿದ್ದರು.

ನಾನು ಕ್ಯಾನಿನ ನೀರನ್ನೂ ಗಿಡವನ್ನೂ ಬೀಕರಿಗೆ ಸುರಿದೆ. ಗಿಡದ ಮೇಲೆ ಆಲಿಕೆ ಕವುಚಿದೆ, ಆಲಿಕೆಯ ಕೊರಳ ಮೇಲೆ ನೀರು ತುಂಬಿದ ಪ್ರನಾಳ ಬೋರಲಿಟ್ಟೆ. “ಗಿಡ ಬಿಡುವ ಗುಳ್ಳೆ ಮೇಲೇರಿ ಪ್ರನಾಳದ ತುದಿಯಲ್ಲಿ ಸೇರುತ್ತದೆ. ಅದು ಆಮ್ಲಜನಕ. ನಿಮಿಷಕ್ಕೆ ಎಷ್ಟು ಗುಳ್ಳೆ ಎಂದು ಎಣಿಸಿದರೆ ಎಲೆಯೊಳಗೆ ಅಡುಗೆ ಎಷ್ಟು ವೇಗವಾಗಿ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಎಣಿಸೋಣ.”

ಎಣಿಸಲು ಏನೂ ಇರಲಿಲ್ಲ. ಒಂದು ನಿಮಿಷವಾಯಿತು. ಐದಾಯಿತು.

“ಟೀಚರ್,” ಎಂದ ಮೊದಲ ಬೆಂಚಿನ ಶ್ರವಣ್, “ಅದಕ್ಕೆ ನಾಚಿಕೆ ಆಗ್ತಾ ಉಂಟು. ನಾವು ಆಚೆ ತಿರುಗಬೇಕಾ?”

ನಾನು ಉತ್ತರಿಸುವ ಮೊದಲೇ ಮೂವತ್ತೊಂದು ಮಕ್ಕಳೂ ಗೋಡೆಯ ಕಡೆ ತಿರುಗಿ ಕುಳಿತರು. ಅಜ್ಜಿಯೂ ತಿರುಗಿದರು. ಗಿಡವನ್ನು ನೋಡುತ್ತಿದ್ದವರು ಬರ್ತಾ ಟೀಚರ್ ಒಬ್ಬರೇ. ಆದರೂ ಗುಳ್ಳೆ ಬರಲಿಲ್ಲ.

“ಬೆಳಕು ಕಡಿಮೆ,” ಎಂದೆ. “ಬೆಳಕು ಕಡಿಮೆಯಾದರೆ ಅಡುಗೆ ನಿಧಾನ.”

ಶಾಲೆಯ ಕಾವಲುಗಾರ ಬಾಲಪ್ಪ ಬಾಗಲಕೋಟೆಯ ಕಡೆಯವರು. ಆಗಲೇ ಕಿಟಕಿಯ ಸರಳು ಹಿಡಿದು ನಿಂತಿದ್ದರು. “ಬೆಳಕು ಸಾಲೂದಿಲ್ಲ ಅಂದ್ರ ನನ್ನ ಬ್ಯಾಟರಿ ಐತ್ರಿ ಟೀಚರ್. ತೆಂಗಿನ ತುದಿಯಾಗ ಕುಂತ ಕಾಗಿ ಕಾಣತೈತಿ.”

ಬ್ಯಾಟರಿ ಬಂತು. ಗಿಡದ ಒಂದೊಂದು ಎಲೆಯೂ ಹೊಳೆಯಿತು. ಗುಳ್ಳೆ ಮಾತ್ರ ಇಲ್ಲ.

“ಹಾಗಾದರೆ ಚಳಿ. ಉಷ್ಣತೆ ಕಡಿಮೆಯಾದರೂ ನಿಧಾನವಾಗುತ್ತದೆ.”

ಬಾಲಪ್ಪ ಬಿಸಿಯೂಟದ ಅಡುಗೆಮನೆಯಿಂದ ಒಂದು ತಪ್ಪಲೆ ಬಿಸಿನೀರು ತಂದರು. ನಾನು ಅದಕ್ಕೆ ತಣ್ಣೀರು ಬೆರೆಸಿ, ಬೆರಳು ಅದ್ದಿ ನೋಡಿ, ಬೀಕರನ್ನು ಅದರೊಳಗೆ ನಿಲ್ಲಿಸಿದೆ. “ಬೆಚ್ಚಗಿದ್ದರೆ ಸಾಕು. ಹೆಚ್ಚು ಬಿಸಿಯಾದರೆ ಎಲೆಯೊಳಗೆ ಕೆಲಸ ಮಾಡುವ ಕಿಣ್ವಗಳೇ ಕೆಟ್ಟುಹೋಗುತ್ತವೆ.”

“ಅಂದ್ರ ಪಲ್ಯ ಆಗತೈತಿ,” ಎಂದು ಬಾಲಪ್ಪ ಮಕ್ಕಳಿಗೆ ವಿವರಿಸಿದರು.

ಗಿಡ ಬೆಚ್ಚಗೆ, ಬೆಳಕಿನಲ್ಲಿ, ಮದುಮಗಳಂತೆ ಕುಳಿತಿತ್ತು. ಒಂದು ಗುಳ್ಳೆ ಇಲ್ಲ. ಬರ್ತಾ ಟೀಚರ್ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯತೊಡಗಿದರು. ಅವರು ಉಜ್ವಲ್ ಹೆಸರನ್ನೇ ಬರೆಯುತ್ತಿದ್ದಾರೆ ಎಂದು ನನಗೆ ಖಚಿತವಾಯಿತು.

ಆಗ ಮೇಜಿನ ಹತ್ತಿರ ಕುಳಿತಿದ್ದ ಚೈತಾಲಿ ಮೂಗು ಮುಂದೆ ಮಾಡಿ ಹೇಳಿದಳು. “ಟೀಚರ್, ಈ ನೀರು ಜೀರಿಗೆ ಪರಿಮಳ ಬರ್ತದೆ.”

ನಾನು ಬಗ್ಗಿ ಮೂಸಿದೆ. ಹೌದು. ತಲೆಯೆತ್ತಿ ಕೊನೆಯ ಬೆಂಚಿನ ಕಡೆ ನೋಡಿದೆ.

“ಅಜ್ಜಿ, ಇದು ತೋಡಿನ ನೀರಲ್ವಾ?”

“ತೋಡಿನ ನೀರಿನಲ್ಲಿ ಶಾಲೆಗೆ ಕರೆದುಕೊಂಡು ಬರ್ಲಿಕ್ಕೆ ಉಂಟಾ? ಅದು ಚೆಲ್ಲಿ, ನಮ್ಮ ಬಾವಿಯ ನೀರು ಹಾಕಿದೆ.”

“ಕಾಯಿಸಿದ್ದಾ?”

“ಮತ್ತೆ ಎಂತ? ಮಳೆಗಾಲ ಮಗಾ. ಪಾಪ, ಕೆಸರು ಕುಡಿದು ಬೆಳೆದದ್ದು. ರಾತ್ರಿಯೇ ಜೀರಿಗೆ ಹಾಕಿ, ಚೆನ್ನಾಗಿ ಕುದಿಸಿ, ಸೋಸಿ, ಆರಿಸಿ ಇಟ್ಟಿದ್ದೆ.”

ತಪ್ಪು ನನ್ನದೇ. ನಮ್ಮ ಮನೆಯಲ್ಲಿ ಜೂನ್‌ನಿಂದ ದೀಪಾವಳಿಯವರೆಗೆ ಹೊಸಿಲು ದಾಟಿದ ಯಾರಿಗೂ ಕಾಯಿಸದ ನೀರು ಸಿಗುವುದಿಲ್ಲ. ಮೀಟರ್ ಓದುವವರಿಗೂ ಇಲ್ಲ, ಗ್ಯಾಸ್ ತರುವವರಿಗೂ ಇಲ್ಲ. ಗಿಡಕ್ಕೆ ಮಾತ್ರ ಸಿಕ್ಕೀತೆಂದು ನಾನು ಹೇಗೆ ನಂಬಿದೆನೋ.

ನನಗೆ ನಗು ಬಂತು, ಅಳುವೂ ಬಂತು, ಕೊನೆಗೆ ಪಾಠ ಬಂತು. “ಮಕ್ಕಳೇ, ನೀರು ಕಾಯುವಾಗ, ಕುದಿಯುವ ಮೊದಲೇ, ಪಾತ್ರೆಯ ಗೋಡೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣುವುದನ್ನು ನೋಡಿದ್ದೀರಾ? ಅದು ನೀರಿನಲ್ಲಿ ಕರಗಿದ್ದ ಗಾಳಿ ಮನೆ ಬಿಟ್ಟು ಹೋಗುವುದು. ಅದರ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ಹೋಗುತ್ತದೆ. ನೀರಿನೊಳಗಿನ ಗಿಡಕ್ಕೆ ಅದೇ ಅಕ್ಕಿ.” ಮತ್ತೆ ಹಸಿರು ಸೀರೆಯವಳ ಕಥೆಯನ್ನು ಹೇಳಿದೆ. ಪುಸ್ತಕದಲ್ಲಿರುವ ಪತ್ರಹರಿತ್ತು ಎಂಬುದು ಆ ಸೀರೆಯ ಬಣ್ಣವೇ ಎಂದೆ. “ಒಲೆ ಉರಿಯುತ್ತಿದೆ, ನೀರಿದೆ. ಅಕ್ಕಿಯೇ ಇಲ್ಲದಿದ್ದರೆ ಎಷ್ಟು ಕಟ್ಟಿಗೆ ಹಾಕಿದರೆ ಅನ್ನವಾದೀತು?”

“ಆಗೂದಿಲ್ಲ,” ಎಂದರು ಮಕ್ಕಳು. ಬಾಲಪ್ಪನೂ ಅಂದರು.

“ಬೆಳಕು, ಬಿಸಿ, ಇಂಗಾಲದ ಡೈಆಕ್ಸೈಡ್. ಈ ಮೂರರಲ್ಲಿ ಯಾವುದು ಕಡಿಮೆಯೋ ಅಡುಗೆ ಅದರ ಮಾತು ಕೇಳುತ್ತದೆ. ಉಳಿದವು ಎಷ್ಟಿದ್ದರೂ ಕಾಯಬೇಕು.”

ಅಜ್ಜಿ ಎದ್ದು ನಿಂತರು. ಮುಖ ಸಣ್ಣದಾಗಿತ್ತು. “ಅಂದರೆ ನಾನು ಅದನ್ನು ಕರೆದುಕೊಂಡು ಬಂದು ಉಪವಾಸ ಕೂರಿಸಿದ್ದಾ?”

“ಈಗ ಊಟ ಹಾಕೋಣ ಅಜ್ಜಿ. ಇಂಗಾಲದ ಡೈಆಕ್ಸೈಡ್ ಎಲ್ಲಿ ಸಿಗುತ್ತದೆ, ಯಾರು ಹೇಳುತ್ತೀರಿ?”

“ನಮ್ಮ ಉಸಿರಿನಲ್ಲಿ,” ಎಂದ ಶ್ರವಣ್.

ಬಾಲಪ್ಪ ಶಾಲೆಯ ಹಿಂದಿನ ಪಪ್ಪಾಯಿ ಮರದಿಂದ ಎಲೆಯ ದಂಟುಗಳನ್ನು ಕೊಯ್ದು ತಂದರು. ಟೊಳ್ಳು ದಂಟು, ಊದಲು ಹೇಳಿ ಮಾಡಿಸಿದ್ದು. ನಾನು ಪ್ರನಾಳವನ್ನೂ ಆಲಿಕೆಯನ್ನೂ ತೆಗೆದಿಟ್ಟೆ. ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರೇ ಊದಿದರು. ಅಜ್ಜಿ ಕ್ಷಮೆ ಕೇಳುವವರಂತೆ ಕಣ್ಣು ಮುಚ್ಚಿ ಊದಿದರು. ಹತ್ತನೆಯ ಮಗುವಿನ ಸರದಿ ಬರುವಷ್ಟರಲ್ಲಿ ಬರ್ತಾ ಟೀಚರ್‌ಗೆ ತಡೆಯಲಾಗಲಿಲ್ಲ.

“ಹೀಗೆ ಊದಿದರೆ ಶನಿವಾರ ಆಗ್ತದೆ. ಇಲ್ಲಿ ಕೊಡಿ. ನಾನು ಚರ್ಚಿನ ಗಾಯನದಲ್ಲಿ ಇಪ್ಪತ್ತೆರಡು ವರ್ಷ ಹಾಡಿದವಳು.”

ಅವರು ದಂಟು ಕಚ್ಚಿ ಊದಿದರು. ಬೀಕರ್ ಗಂಜಿಯಂತೆ ಕೊತಕೊತ ಎಂದಿತು. ಮಕ್ಕಳ ಮುಖದ ಮೇಲೆ ಜೀರಿಗೆ ನೀರು ಹಾರಿತು. “ಗುಳ್ಳೆ ಬಂತು,” ಎಂದು ಯಾರೋ ಕೂಗಿದರು.

“ಸುಮ್ಮನಿರಿ,” ಎಂದರು ಬರ್ತಾ ಟೀಚರ್ ಏದುಸಿರು ಬಿಡುತ್ತಾ. “ಇದು ನನ್ನ ಗುಳ್ಳೆ. ಇದನ್ನು ಎಣಿಸಿದರೆ ಮೋಸ.”

ನೀರು ನಿಂತ ಮೇಲೆ ಆಲಿಕೆ, ಪ್ರನಾಳ ಮತ್ತೆ ಇಟ್ಟೆ. ಬಾಲಪ್ಪ ಬ್ಯಾಟರಿ ಹಿಡಿದರು. ತುಂಬಾ ಹೊತ್ತಿನ ಮೇಲೆ ಕತ್ತರಿಸಿದ ಕಾಂಡದ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಏನೋ ಕುಳಿತಿತು. ಹೋಗಲೋ ಬೇಡವೋ ಎಂದು ಯೋಚಿಸಿ, ಮೇಲೆ ಹೊರಟಿತು.

“ಏಕ್,” ಎಂದರು ಬರ್ತಾ ಟೀಚರ್. ಅವರಿಗೆ ಎಣಿಕೆ ಬರುವುದು ಕೊಂಕಣಿಯಲ್ಲೇ. “ದೋನ್. ತೀನ್.”

ಒಂದು ನಿಮಿಷಕ್ಕೆ ಒಂಬತ್ತು. ಬಾಲಪ್ಪನನ್ನು ಬಾಗಿಲವರೆಗೆ ಹಿಂದೆ ಕಳಿಸಿದೆ, ಮೂರಕ್ಕೆ ಇಳಿಯಿತು. ಹತ್ತಿರ ಕರೆದೆ, ಹನ್ನೊಂದು. ಬ್ಯಾಟರಿಯನ್ನು ಬೀಕರಿಗೆ ತಾಗಿಸಿಯೇ ಹಿಡಿದರು, ಆಗಲೂ ಹನ್ನೊಂದೇ.

“ಯಾಕ್ರೀ? ಇನ್ನೂ ಬೆಳಕ ಕೊಟ್ಟೀನಲ್ಲ.”

“ಈಗ ಬೆಳಕು ಸಾಕಾಯಿತು ಟೀಚರ್, ಅಲ್ವಾ?” ಎಂದಳು ಚೈತಾಲಿ. “ಈಗ ಬೇರೆ ಎಂತದೋ ಕಡಿಮೆ.” ಮತ್ತೆ ಬರ್ತಾ ಟೀಚರ್ ಕಡೆ ತಿರುಗಿ ಪಪ್ಪಾಯಿ ದಂಟು ನೀಡಿದಳು.

ಗಂಟೆ ಹೊಡೆದದ್ದು ಯಾರಿಗೂ ತಿಳಿಯಲಿಲ್ಲ. ಹೊಡೆಯಬೇಕಾದ ಬಾಲಪ್ಪನೇ ಇಲ್ಲಿ ಬ್ಯಾಟರಿ ಹಿಡಿದು ನಿಂತಿದ್ದರಿಂದ ಅದು ಹೊಡೆಯಲೇ ಇಲ್ಲ. ಪಕ್ಕದ ತರಗತಿಯವರು ಬಂದು ಕೇಳಿದ ಮೇಲೆ ಬರ್ತಾ ಟೀಚರ್ ಕೈಗಡಿಯಾರ ನೋಡಿ ಪುಸ್ತಕ ಮುಚ್ಚಿದರು.

“ಅಕ್ಷಿತಾ, ಗುಳ್ಳೆ ಪಾತ್ರೆಯಲ್ಲಿ ಬಂತು. ನಾಳೆಯಿಂದ ಬನ್ನಿ. ಗಿಡ ಇಲ್ಲೇ ಇರಲಿ. ಬಾಲಪ್ಪ, ಇದಕ್ಕೆ ದಿನಾ ಹಸಿ ನೀರು ಹಾಕಿ.”

ನಾನು ಕೈ ಮುಗಿಯುವ ಮೊದಲೇ ಅಜ್ಜಿ ಮುಂದೆ ಬಂದರು. “ಟೀಚರ್, ಹಸಿ ನೀರಿನಲ್ಲಿಟ್ಟು ಅದಕ್ಕೆ ಜ್ವರ ಬಂದರೆ ನೋಡಿಕೊಳ್ಳುವವರು ಯಾರು?”

“ನಿಮ್ಮ ಮೊಮ್ಮಗಳು,” ಎಂದರು ಬರ್ತಾ ಟೀಚರ್. “ಅದಕ್ಕೇ ಅಲ್ವಾ ಕೆಲಸ ಕೊಟ್ಟದ್ದು?”

ಅಜ್ಜಿಗೆ ಅದು ಸರಿಯೆನಿಸಿತು.