ಚೆನ್ನಾಜಮ್ಮನ ಅಂಗೈ, ನನ್ನ ಹೊಸ ಮುಳ್ಳು

ನಾನು ಒಂದು ಮುಳ್ಳಿಲಿ. ಅಂಗಡಿಯವರು ಹೆಡ್ಜ್‌ಹಾಗ್ ಅಂತಾರೆ, ಬೀದಿಯವರು ಮುಳ್ಳುಹಂದಿ ಮರಿ ಅಂತಾರೆ. ಹಂದಿಗೂ ನನಗೂ ಯಾವ ನೆಂಟಸ್ತಿಕೆಯೂ ಇಲ್ಲ, ಹೇಳಿ ಹೇಳಿ ಸಾಕಾಗಿದೆ. ಹೌದು, ಸಿಡುಕ ನಾನು. ಯಾಕೆ ಹೀಗಾದೆ ಅಂತ ಕೇಳಿ, ಆಮೇಲೆ ಬೈಯಿರಿ.

ಹುಟ್ಟಿದ್ದು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ, ಮರದ ಹೊಟ್ಟಿನ ಮೇಲೆ. ಆಗ ನನ್ನ ಮುಳ್ಳು ಬೆಳ್ಳಗೆ, ಮೆತ್ತಗೆ ಇತ್ತು. ಅಮ್ಮನ ಹಾಲು ಬಿಟ್ಟ ಮೇಲೆ ಮೈಸೂರಿನ ಒಂದು ಸಾಕುಪ್ರಾಣಿ ಅಂಗಡಿಗೆ ತಂದರು. ಅಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಕಪಾಟಿತ್ತು. ಕೊಂಡವರು ಬೇಡವೆಂದು ವಾಪಸ್ ತಂದ ಪ್ರಾಣಿಗಳನ್ನು ಅಲ್ಲಿಡುತ್ತಿದ್ದರು. ಬೆಳಕಿಲ್ಲ, ಬಗ್ಗಿ ನೋಡುವವರಿಲ್ಲ. ಅಲ್ಲಿಂದ ಮತ್ತೆ ಮೇಲೆ ಬಂದವರನ್ನು ನಾನಂತೂ ಕಾಣೆ.

ನನ್ನನ್ನು ಕೊಂಡವಳು ಸುನಂದ. ಅವಳಿಗಲ್ಲ, ಅವಳ ಅಮ್ಮ ಚೆನ್ನಾಜಮ್ಮನಿಗೆ. ಚೆನ್ನಾಜಮ್ಮ ನಲವತ್ತು ವರ್ಷ ಬಾಣಂತಿಯರ ಮನೆಗೆ ಹೋಗಿ ಎಳೆಗೂಸುಗಳಿಗೆ ನೀರು ಹಾಕಿದವಳು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ಹಚ್ಚಿ ನೀವಿದರೆ ಅಳುವ ಕೂಸು ಅಲ್ಲೇ ನಿದ್ದೆ. ಈಗ ಕರೆಯುವವರಿಲ್ಲ. ಸುಮ್ಮನೆ ಕೂತ ಆ ಕೈ ನೋಡಲಾರದೆ ಮಗಳು ನನ್ನನ್ನು ತಂದುಕೊಟ್ಟಳು.

ಮೊದಲ ವಾರ ಸ್ವರ್ಗ. ಎರಡನೇ ವಾರ ನನ್ನ ಮುಳ್ಳು ಉದುರತೊಡಗಿತು. ಉದುರಿದ ಕಡೆಯೆಲ್ಲ ದಪ್ಪ ಮುಳ್ಳು ಚರ್ಮ ಸೀಳಿಕೊಂಡು ಬರುತ್ತಿತ್ತು. ಅಯ್ಯೋ, ಆ ಉರಿ! ಗಾಳಿ ಸೋಕಿದರೂ ಮೈ ಕುಯ್ದಂತೆ. ಯಾರು ಹತ್ತಿರ ಬಂದರೂ ಬುಸ್ ಅಂದೆ, ಉಂಡೆಯಾದೆ.

ಚೆನ್ನಾಜಮ್ಮನಿಗೆ ಗೊತ್ತಿದ್ದದ್ದು ಒಂದೇ ಔಷಧ. "ಮೈ ಕಾದಿದೆ ಕಣೇ, ಎಣ್ಣೆ ಬೇಕು" ಅಂದು ನನ್ನನ್ನು ಕಾಲ ಮೇಲೆ ಇಟ್ಟುಕೊಂಡಳು. ಬೆಚ್ಚಗಿನ ಹರಳೆಣ್ಣೆ ಸುರಿದಳು. ನೀವಿದಳು! ಮೊಳೆಯುತ್ತಿದ್ದ ಒಂದೊಂದು ಮುಳ್ಳೂ ಒಳಕ್ಕೆ ಚುಚ್ಚಿತು. ಕಡಲೆಹಿಟ್ಟು ಹಾಕಿ ತಿಕ್ಕುವಷ್ಟರಲ್ಲಿ ನಾನು ಅವಳ ಹೆಬ್ಬೆರಳು ಕಚ್ಚಿ ಹಿಡಿದಿದ್ದೆ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಪುಣ್ಯಾತ್ಗಿತ್ತಿ, ಪ್ರೀತಿಯಿಂದಲೇ ನನ್ನ ಚರ್ಮ ಸುಲಿದಳು.

ಸುನಂದಳ ತಲೆ ಕೆಟ್ಟಿತು. "ಮುಳ್ಳು ಬಿದ್ದ ಮನೇಲಿ ಜಗಳ ತಪ್ಪಲ್ಲ ಅಂತಾರೆ. ನೋಡು, ಇದು ಬಂದಾಗಿಂದ ನಾವಿಬ್ರೂ ಕಿತ್ತಾಡ್ತಿದ್ದೀವಿ. ಭಾನುವಾರ ನಾಲ್ಕು ಗಂಟೆಗೆ ಅಂಗಡಿಯೋನು ಬರ್ತಾನೆ, ಕೊಟ್ಬಿಡೋಣ" ಅಂದಳು.

"ನನ್ನ ಕೈಗೆ ಒಗ್ಗದೆ ಹೋದ ಜೀವ ಇದೊಂದೇ" ಅಂತ ಚೆನ್ನಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಆ ಕೆಳಗಿನ ಕಪಾಟು ಕಣ್ಣಿಗೆ ಕಟ್ಟಿತು. ಕೈ ಮುಗಿಯೋಣವೆಂದರೆ ಬರುವುದು ಬುಸ್ ಒಂದೇ, ಏನು ಮಾಡಲಿ?

ಶನಿವಾರ ಚೆನ್ನಾಜಮ್ಮ ಒಬ್ಬಳೇ ನನ್ನನ್ನು ಪಶುವೈದ್ಯರ ಹತ್ತಿರ ಹೊತ್ತೊಯ್ದಳು. ಅವರು ನಕ್ಕರು. "ರೋಗ ಅಲ್ಲ ಅಮ್ಮ, ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರಲ್ವಾ, ಹಾಗೇ. ಓಟ್ಸ್ ನೆನೆಸಿದ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಡಿ. ಬೆನ್ನು ಮಾತ್ರ ಮುಟ್ಟಬೇಡಿ. ಅಂಗೈ ನೆಲಕ್ಕಿಟ್ಟು ಸುಮ್ಮನಿರಿ. ಅದಾಗೇ ಹತ್ತಲಿ."

"ಕೈ ಇಟ್ಟು ಸುಮ್ಮನಿರೋದಾ?" ಅಂದಳು ಚೆನ್ನಾಜಮ್ಮ. ನಲವತ್ತು ವರ್ಷದಲ್ಲಿ ಆ ಕೈಗೆ ಯಾರೂ ಹೇಳದ ಕೆಲಸ ಅದು.

ಭಾನುವಾರ ಊಟವಾದದ್ದೇ ನೆಲದ ಮೇಲೆ ಕೂತಳು. ಅಂಗೈ ನನ್ನ ಮುಂದಿಟ್ಟಳು. ಬೆರಳು ಮಿಸುಕುತ್ತಿದ್ದವು, ನೀವಬೇಕೆಂದು ತಹತಹಿಸುತ್ತಿದ್ದವು. ಹಲ್ಲು ಕಚ್ಚಿ ಬೆರಳನ್ನು ನೆಲಕ್ಕೆ ಒತ್ತಿದಳು. "ಬಾರೋ ಸಿಡುಕಪ್ಪ, ಗಂಟೆ ಮೂರಾಯ್ತು. ನಿನ್ನ ದಮ್ಮಯ್ಯ ಬಾರೋ."

ಮೂರೂವರೆಗೆ ನಾನು ಒಂದು ಕಾಲಿಟ್ಟೆ. ಆಮೇಲೆ ಇನ್ನೊಂದು. ಅಂಗೈ ಬೆಚ್ಚಗಿತ್ತು. ಪೂರ್ತಿ ಹತ್ತಿ ಕೂತೆ. ಮುಳ್ಳು ಮಲಗಿದವು. ಚೆನ್ನಾಜಮ್ಮ ಉಸಿರೂ ಬಿಡಲಿಲ್ಲ.

ಆಗಲೇ ಬಾಗಿಲಲ್ಲಿ ಸ್ಕೂಟರ್ ಹಾರ್ನ್. ಬೆಚ್ಚಿಬಿದ್ದು ಉಂಡೆಯಾದೆ ನೋಡಿ, ಹೊಸ ಮುಳ್ಳೆಲ್ಲ ಅವಳ ಅಂಗೈಗೆ ನೆಟ್ಟವು. ರಕ್ತ ಬಂತು. "ಅಮ್ಮ, ಕೊಡವು ಅದನ್ನ!" ಅಂತ ಸುನಂದ ಚೀರಿದಳು. ಮುಗಿಯಿತು ನನ್ನ ಕಥೆ, ನಾನೇ ಕೈಯಾರೆ ಮುಗಿಸಿಕೊಂಡೆ ಅಂದುಕೊಂಡೆ.

ಕೈ ಅಲುಗಲಿಲ್ಲ. ಅವಳ ಕಣ್ಣೀರು ನನ್ನ ಪಕ್ಕದಲ್ಲೇ ಬಿತ್ತು. ಕೈ ಮಾತ್ರ ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಾನೇ ನಾಚಿ ಮೂತಿ ಹೊರಗಿಟ್ಟೆ.

ಅಂಗಡಿಯವನು ಡಬ್ಬ ಮುಂದೆ ಚಾಚಿದ. ಚೆನ್ನಾಜಮ್ಮ ತಲೆ ಎತ್ತಿದಳು. "ಹಲ್ಲು ಬರೋವಾಗ ಮಗು ಕಚ್ಚತ್ತೆ. ಕಚ್ಚಿತು ಅಂತ ಯಾರಾದ್ರೂ ಮಗೂನ ವಾಪಸ್ ಕೊಡ್ತಾರೇನಪ್ಪ? ಕೂತ್ಕೋ, ಕಾಫಿ ಕುಡಿದು ಹೋಗು."

ಇದಾಗಿ ನಾಲ್ಕು ವರ್ಷ. ನಮ್ಮ ಕುಲಕ್ಕೆ ಇದು ಮುದಿ ವಯಸ್ಸು. ಮಂಚದ ಕೆಳಗಿನ ಮೂಲೆಯೇ ನನ್ನ ಲೋಕ. ಹಲ್ಲು ಸವೆದಿದೆ, ಸಿಟ್ಟು ಇನ್ನೂ ಸವೆದಿಲ್ಲ.

ಚೆನ್ನಾಜಮ್ಮ ಹೋಗಿ ಇವತ್ತಿಗೆ ಹದಿನಾಲ್ಕು ದಿನ. ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ಹೊರಟರು. ಸುನಂದ ಬಂದು ನನ್ನ ಮೂಲೆಯೆದುರು ಕೂತಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಮುಟ್ಟದವಳು, ಅಂಗೈ ನೆಲಕ್ಕಿಟ್ಟಳು. ಎಷ್ಟು ಹೊತ್ತು ಕಾಯಬೇಕೋ ಪಾಪ, ಅವಳಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಕೀಲು ಹಿಡಿದ ಕಾಲೆಳೆದುಕೊಂಡು, ಆದಷ್ಟು ಬೇಗ ನಡೆದೆ.