ಬಿಳಿ ಹಾಳೆಯ ನಾಲ್ಕು ಮೂಲೆ

ದಾರದ ಗಂಟಿನ ಮೇಲೆ ಹಳದಿ, ಇಷ್ಟೇ ಇಷ್ಟು, ಕಿಟಕಿಯ ಬಿಸಿಲೋ ಏನೋ ಅಂದುಕೊಂಡರೆ ಬಸ್ಸು ಅಜ್ಜಂಪುರದ ರೈಲ್ವೆ ಗೇಟಿನ ಹಳಿ ಹತ್ತಿಳಿದು ಎಲ್ಲರನ್ನೂ ಎತ್ತಿ ಕುಕ್ಕಿದಾಗ ಬಿಸಿಲು ಸರಿದು ಮುಂದಿನ ಸೀಟಿಗೆ ಹೋಯಿತು, ಹಳದಿ ಮಾತ್ರ ಗಂಟಿನ ಮೇಲೇ ಕೂತಿದೆ, ಮಲ್ಲಿಕಾಂಬ ಉಗುರಲ್ಲಿ ಕೆರೆದಳು, ಮೂಸಿದಳು, ಅರಿಶಿನ, ಅಯ್ಯೋ ಶಿವನೇ, ಈ ಗಂಟು ತಾನು ಹಾಕಿದ್ದಲ್ಲ. ತಾನು ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು, ಗಂಡನ ಹಳೇ ಪಂಚೆ ಸುತ್ತಿ, ದಾರ ತರಲು ಒಳಗೆ ಹೋದಳು, ಹೋದವಳು ಹಾಗೇ ತಲೆ ಬಾಚಿಕೊಂಡಳು, ಹಾಳಾದ ತಲೆ, ಅಷ್ಟು ಹೊತ್ತು ಬಾಚಬೇಕಿತ್ತೆ, ಹೊರಗೆ ಬಂದರೆ ಅತ್ತೆ ವಿಶಾಲಾಕ್ಷಮ್ಮ ತಾವೇ ಕಟ್ಟಿ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೂತಿದ್ದಾರೆ, ಹೋಗ್ಬಾ ಕಣಮ್ಮಾ, ಎಲ್ಲಾ ಮಾಡಿ ಕಟ್ಟಿದೀನಿ, ಬಸ್ ತಪ್ಪೋಗ್ತದೆ. ಎಲ್ಲಾ ಮಾಡಿ ಅಂದರೆ ಏನು ಮಾಡಿ? ಆಗ ಕೇಳಲಿಲ್ಲ, ಬಸ್ಸಿನ ಹಾರನ್ನು ಕೇಳಿಸಿತ್ತು, ಓಡಿಬಿಟ್ಟಳು. ಅತ್ತೆಯನ್ನು ಅವಳು ಅರಿಯಳೆ, ಒಳ್ಳೆಯ ಕೆಲಸಕ್ಕೆಂದು ಹೊರಡುವ ಯಾವ ಕಾಗದವೂ ನಾಲ್ಕು ಮೂಲೆಗೆ ಅರಿಶಿನ ಕಾಣದೆ ಆ ಮನೆಯ ಹೊಸಲು ದಾಟಿದ್ದಿಲ್ಲ, ಮದುವೆ ಕಾಗದ ಬಿಡಿ, ಅದು ಎಲ್ಲರ ಮನೆಯಲ್ಲೂ ಉಂಟು, ಗಂಡ ಸೋಮಶೇಖರಪ್ಪ ಖಾತೆ ಬದಲಾವಣೆಗೆ ಬರೆದ ಅರ್ಜಿಗೂ ಹಚ್ಚಿ ಕಳಿಸಿದ್ದರು, ಇದೇನ್ರೀ ಯಜಮಾನ್ರೇ, ಲಗ್ನ ಯಾವತ್ತು ಅಂತ ಗುಮಾಸ್ತ ಕೇಳಿ ಇಡೀ ಆಫೀಸು ನಕ್ಕಿತ್ತಂತೆ, ಆಮೇಲೆ ಖಾತೆ ಆಗಿಯೇಬಿಟ್ಟಾಗ, ನೋಡ್ದೇನೋ ಸೋಮಾ ಅಂತ ಅತ್ತೆ ಮಗನ ಮುಂದೆ ಮೆರೆದದ್ದೇ ಮೆರೆದದ್ದು.

ಪಂಚೆಗೆ ಹಚ್ಚಿರಬಹುದು, ರಟ್ಟಿಗೆ ಹಚ್ಚಿರಬಹುದು, ಇಲ್ಲಾ ಬೆಳಿಗ್ಗೆ ಹೊಸಲಿಗೆ ಹಚ್ಚಿದ ಕೈಯಲ್ಲೇ ಗಂಟು ಹಾಕಿರಬಹುದು, ಅಷ್ಟೇ ಇದ್ದೀತು, ಹಾಳೆಗೇ ಹಚ್ಚಿರಬೇಕು ಅಂತ ಏನಿದೆ, ಬಿಚ್ಚಿ ನೋಡಿಬಿಡಲೇ — ಎಲ್ಲಿ ಬಿಚ್ಚುವುದು, ಪಕ್ಕದಲ್ಲಿ ಬೀರೂರಿಗೆ ಹೊರಟ ಹೆಂಗಸು, ತಿಮ್ಮಕ್ಕನಂತೆ, ಕೇಳದೆಯೇ ಹೆಸರು ಹೇಳಿದಳು, ಮಡಿಲಲ್ಲಿ ಕಾಲು ಕಟ್ಟಿದ ಕೋಳಿ, ಅದು ಕತ್ತು ಚಾಚಿ ಗಂಟನ್ನೇ ನೋಡುತ್ತಿದೆ, ಸದ್ಯ ಕುಕ್ಕದಿದ್ದರೆ ಸಾಕು. ಏನಮ್ಮಾ ಅದು, ಕನ್ನಡಿನಾ? ಅಲ್ಲ. ಫೋಟೋನಾ? ಅಲ್ಲ, ಕಾಗದ. ಕಾಗ್ದನ್ನ ಮಗೀನಂಗೆ ಅವಚ್ಕಂಡು ಕೂತಿದೀಯಲ್ಲವ್ವಾ, ಏನ್ ಬರ್ದೈತೆ ಅದ್ರಾಗೆ? ಏನೂ ಇಲ್ಲ ಅಂದುಬಿಟ್ಟಳು, ತಿಮ್ಮಕ್ಕ ಒಂದು ಗಳಿಗೆ ಅವಳ ಮುಖ ನೋಡಿ, ಪಾಪ ಅಂದುಕೊಂಡಳೋ ಏನೋ, ಕೋಳಿಯನ್ನು ಇನ್ನೊಂದು ತೊಡೆಗೆ ದಾಟಿಸಿದಳು. ಏನೂ ಬರೆದಿಲ್ಲ, ಬರೆಯುವುದೂ ಇಲ್ಲ, ಅದನ್ನು ಯಾರಿಗೆ ಹೇಗೆ ಹೇಳುವುದು, ದಾವಣಗೆರೆಯಲ್ಲಿ ಚಿತ್ರ ಕಲಿಯುವಾಗ ಕಾಗದ ಅಂದರೆ ಮೇಲೆ ಬರೆಯುವುದಕ್ಕೆ ಇರುವ ವಸ್ತು ಅಂತ ತಾನೂ ನಂಬಿದ್ದಳು, ಊರಿಗೆ ಬಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿ ಹೂಕುಂಡ, ನವಿಲು, ಸೂರ್ಯೋದಯ, ಮತ್ತೆ ಹೂಕುಂಡ, ಹೀಗೇ ವರ್ಷಗಳು ಹೋದವು, ಆಮೇಲೆ ಒಂದು ದಿನ ಅತ್ತೆ ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ ಹೊಸ ಮೊರದ ಸಂದಿಗೆ ಬಳಿಯುತ್ತಿದ್ದರು, ಊರಲ್ಲಿ ಎಲ್ಲರೂ ಬಳಿಯುವ ಹಾಗೆಯೇ, ಒಂದು ಕಡೆ ದಪ್ಪ ಬಿದ್ದದ್ದು ಒಣಗಿ ಹಪ್ಪಳದಂತೆ ಎದ್ದು ಬಂತು, ತಿರುಗಿಸಿದರೆ ಅದರ ಬೆನ್ನಿಗೆ ಮೊರದ ಹೆಣಿಗೆ ಪೂರ್ತಿ ಮೂಡಿದೆ, ಬಿದಿರಿಲ್ಲ, ಬಿದಿರಿನ ಗುರುತು, ಬೆಳಕು ಓರೆಯಾಗಿ ಬಿದ್ದರೆ ಕಾಣುತ್ತದೆ, ನೇರ ಬಿದ್ದರೆ ಇಲ್ಲ. ಮಲ್ಲಿಕಾಂಬಳಿಗೆ ಮೈಯೆಲ್ಲ ಜುಮ್ಮೆಂದಿತ್ತು, ಇಷ್ಟು ದಿನ ತಾನು ಮಾಡಿದ್ದೆಲ್ಲ ಸುಳ್ಳು, ಇದು ನಿಜ ಅನ್ನಿಸಿತ್ತು. ಆವತ್ತಿನಿಂದ ಪ್ರೆಸ್ಸಿನವರು ಕತ್ತರಿಸಿ ಬಿಸಾಡುವ ಅಂಚುಗಳನ್ನು ತಂದು ಅತ್ತೆಯ ಕೈಯಲ್ಲಿ ರುಬ್ಬಿಸುವುದು, ಮೊರ, ಚಾಪೆ, ಗೋಣಿ, ಬಾಗಿಲು, ಸಿಕ್ಕಿದ್ದರ ಮೇಲೆಲ್ಲ ಬಳಿದು ಒಣಗಿಸಿ ಕೀಳುವುದು, ಮನೆ ತುಂಬ ಮೆಂತ್ಯದ ವಾಸನೆ, ಗಂಡ ಅಟ್ಟ ಹತ್ತಿ ಬಂದು ಸುತ್ತಲೂ ನೋಡಿ, ಸರಿ ಕಣೇ, ಬರೆಯೋದು ಯಾವಾಗ? ಆಯ್ತಲ್ಲ, ಮುಗಿದಿದೆ. ಮುಗೀತಾ, ಶುರುವೇ ಮಾಡ್ದಂಗಿಲ್ಲ!

ತಮಾಷೆಗೆ ಅಂದದ್ದು, ಗಂಡ ಕೆಟ್ಟವನಲ್ಲ, ಆದರೆ ತಮಾಷೆ ಅಟ್ಟದಿಂದ ಇಳಿದು ಬೀದಿಗೂ ಹೋಯಿತು, ತರೀಕೆರೆಯಲ್ಲಿ ಸ್ಕೂಲುಗಳ ವಸ್ತುಪ್ರದರ್ಶನ ಇಟ್ಟಾಗ ಧೈರ್ಯ ಮಾಡಿ ಒಂದು ಹಾಳೆ ತೂಗುಹಾಕಿದ್ದಳು, ಚಾಪೆಯ ಮೇಲಿನಿಂದ ಎತ್ತಿದ್ದು, ಟೀ ಕುಡಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ಇದ್ದಿಲಲ್ಲಿ ದಪ್ಪಗೆ, ಊಟಕ್ಕೆ ದಾರಿ, ಅಂತ ಬರೆದು ಬಾಣದ ಗುರುತು ಹಾಕಿದ್ದರು, ಜನ ಅದನ್ನು ನೋಡಿ ನೋಡಿ ಸಾಲಾಗಿ ಊಟಕ್ಕೆ ಹೋಗುತ್ತಿದ್ದರು, ಹೆಡ್ಮಿಸ್ಸು ಬಂದು, ಖಾಲಿ ಇತ್ತಲ್ಲಮ್ಮಾ, ನಿಮ್ಮದು ಅಂತ ಗೊತ್ತಾಗಲಿಲ್ಲ. ಮಲ್ಲಿಕಾಂಬ ನಕ್ಕಳು, ಎಲ್ಲರ ಜೊತೆ ನಿಂತು ತಾನೂ ನಕ್ಕಳು, ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಅವರೇ ಸರಿಯಿದ್ದರೆ? ಖಾಲಿ ಅನ್ನುವವರೇ ಸರಿಯಿದ್ದು ತನಗೆ ಮಾತ್ರ ಏನೋ ಕಾಣುತ್ತಿದ್ದರೆ, ಅದಕ್ಕೆ ಹುಚ್ಚು ಅನ್ನುತ್ತಾರಲ್ಲವೆ? ಇವತ್ತು ಕಡೂರಿನ ಐಬಿ ಬಂಗಲೆಗೆ ಬೆಂಗಳೂರಿನ ಚಿತ್ರಪ್ರದರ್ಶನಕ್ಕೆ ಆರಿಸುವವರು ಬಂದಿದ್ದಾರೆ, ಶಿವಮೂರ್ತಪ್ಪ ಅಂತ, ಇಲ್ಲೇ ಚೌಳಹಿರಿಯೂರಿನ ಕಡೆಯವರೇ, ಬಲು ಕಟ್ಟುನಿಟ್ಟಂತೆ, ಅವರೊಬ್ಬರು ಇದನ್ನು ನೋಡಿ ಇದು ಪೂರ್ತಿಯಾದದ್ದು ಅಂದರೆ ಸಾಕು, ಬಹುಮಾನ ಬೇಡ, ಪೇಪರಿನಲ್ಲಿ ಹೆಸರು ಬೇಡ, ಅಷ್ಟು ಅಂದರೆ ತಾನು ಹುಚ್ಚಿಯಲ್ಲ, ಇಲ್ಲ ಅಂದರೆ ನಾಳೆಯಿಂದ ಹೂಕುಂಡ. ಮೊರದ ಮೇಲಿಂದ ಕಿತ್ತ ಅಂಥ ಹಾಳೆಗೆ ಅರಿಶಿನ! ಗಂಜಿಯ ಬಿಳಿ ಬರಿಸಲು ಮೆಂತ್ಯವನ್ನು ಚಿಟಿಕೆ ಚಿಟಿಕೆ ಕಡಿಮೆ ಮಾಡುತ್ತಾ ಬಂದದ್ದು, ಒಂದು ಗೆರೆ, ಒಂದು ಚುಕ್ಕೆ ಬಣ್ಣ ಇಲ್ಲದ ಹಾಗೆ ಕಾದದ್ದು, ಕಣ್ಣು ಮುಚ್ಚಿದರೆ ಅತ್ತೆಯ ಹೆಬ್ಬೆರಳು, ಸುಕ್ಕುಬಿದ್ದು ಒದ್ದೆಯಾದ ಹಳದಿ ಹೆಬ್ಬೆರಳು ಬಟ್ಟಲಿನಿಂದ ಎದ್ದು ಹಾಳೆಯ ಕಡೆಗೆ ಬರುತ್ತಿದೆ, ಬೇಡ ಅತ್ತೆಮ್ಮ, ಬೇಡ, ಬೀರೂರ್ ಬೀರೂರ್, ಇಳೀರಿ ಬೇಗ, ತಿಮ್ಮಕ್ಕ ಇಳಿದಳು, ಕೋಳಿಯ ರೆಕ್ಕೆ ಮುಖಕ್ಕೆ ಬಡಿಯಿತು. ಈಗ ಬಿಚ್ಚಬಹುದಿತ್ತು, ಸೀಟು ಖಾಲಿಯಿತ್ತು, ಬಿಚ್ಚಲಿಲ್ಲ. ಹೆದರಿಕೆ.

ಐಬಿಯ ವರಾಂಡದಲ್ಲಿ ಬೇರೆಯವರ ಚಿತ್ರಗಳು ಗೋಡೆಗೆ ಒರಗಿ ನಿಂತಿವೆ, ಬಣ್ಣಬಣ್ಣದವು, ಕುದುರೆ, ಜೋಗದ ಗುಂಡಿ, ಬೋಳು ಮರ, ಎಲ್ಲಕ್ಕೂ ಗಾಜಿನ ಕಟ್ಟು, ತನ್ನದಕ್ಕೆ ಪಂಚೆ, ಶಿವಮೂರ್ತಪ್ಪನವರೇ ಕರೆದರು, ಬನ್ನಿ ಅಮ್ಮಾ, ಎಲ್ಲಿಂದ ಬಂದ್ರಿ, ಅಜ್ಜಂಪುರ ಸರ್, ಓಹೋ ನಮ್ಮ ಸೀಮೆಯೋರೇ, ಬಿಚ್ಚಿ, ಗಂಟು ಬಿಚ್ಚುತ್ತಿಲ್ಲ, ಅತ್ತೆ ಹಾಕಿದ ಗಂಟು ಬಿಚ್ಚೀತೆ, ಹಲ್ಲಲ್ಲಿ ಕಚ್ಚಿ ಎಳೆದಳು, ನಾಲಗೆಗೆ ಒಗರು, ಪಂಚೆ ಬಿಚ್ಚಿತು, ಮೇಲಿನ ರಟ್ಟು ಎತ್ತಿದಳು, ಮೊದಲು ಮೂಲೆಗಳೇ ಕಂಡವು, ನಾಲ್ಕಕ್ಕೆ ನಾಲ್ಕೂ ಹಳದಿ. ಪ್ರತಿ ಮೂಲೆಗೂ ಒಂದೊಂದು ಹೆಬ್ಬೆರಳು, ಒತ್ತಿ, ಅಚ್ಚುಕಟ್ಟಾಗಿ, ಬೆರಳಿನ ಗೆರೆಗಳೂ ಕಾಣುವ ಹಾಗೆ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಶಿವಮೂರ್ತಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ವರಾಂಡದ ಅಂಚಿಗೆ ಹೋದರು, ಬೆಳಕಿಗೆ ಓರೆ ಮಾಡಿದರು — ಯಾರೂ ಹೇಳಿಕೊಡದೆ ಓರೆ ಮಾಡಿದರು! — ಮೊರದ ಹೆಣಿಗೆ ಎದ್ದುಬಂತು, ನೆರಳಿನ ಎಳೆ ಮೇಲೆ ನೆರಳಿನ ಎಳೆ, ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಇದರ ಮೇಲೆ ಇನ್ನೇನೂ ಮಾಡಬೇಡೀಮ್ಮಾ. ಪೂರ್ತಿಯಾಗಿದೆ. ಅಂದರು, ಅವರ ಬಾಯಿಂದಲೇ ಬಂತು, ಪೂರ್ತಿಯಾಗಿದೆ, ಮಲ್ಲಿಕಾಂಬಳಿಗೆ ಅಳು ಬಂತು, ನಗು ಬಂತು, ಈಗಲೇ ಓಡಿಹೋಗಿ ಅತ್ತೆಯ ಕೊರಳಿಗೆ ಬಿದ್ದು ಹೇಳಬೇಕು ಅನ್ನಿಸಿತು. ಈ ಹಳದಿ ನಿಮ್ದೇನಾ? ಅಲ್ಲ ಸರ್, ಅಲ್ಲ, ನಮ್ಮತ್ತೆ, ಅವರಿಗೆ ಇದೆಲ್ಲ ಗೊತ್ತಾಗಲ್ಲ ಸರ್, ಗೊತ್ತಿಲ್ಲದೆ ಹಚ್ಚಿಬಿಟ್ಟಿದ್ದಾರೆ. ಗೊತ್ತಿಲ್ಲದೆ ಅಂದಳಲ್ಲ, ಒರಳಿನ ಮುಂದೆ ಕೂತು ತೋಳು ನೋಯುವಂತೆ ರುಬ್ಬಿಕೊಟ್ಟ ಹೆಂಗಸನ್ನು. ಹಂಗಾದ್ರೆ ತೆಗೀರಿ, ಅಂಚು ಹೇಗೂ ಒರಟಾಗೇ ಇದೆ, ನಾಲ್ಕು ಮೂಲೆ ಇಷ್ಟಿಷ್ಟು ಹೋದ್ರೆ ಯಾರಿಗೂ ತಿಳಿಯಲ್ಲ, ಬಿಳೀದಾಗೇ ಇರ್ಲಿ, ತಗೊಳ್ಳಿ. ಬ್ಲೇಡು ಕೊಟ್ಟರು.

ಎಲ್ಲಿ ಮನಸ್ಸು ಬದಲಾಯಿಸುತ್ತಾರೋ, ಎಲ್ಲಿ ಬೇಡ ಅಂದುಬಿಡುತ್ತಾರೋ, ಬೇಗ, ಹಾಳೆಯನ್ನು ಮೇಜಿನ ಮೇಲೆ ಹಾಸಿದಳು, ಎಡಗೈಯಲ್ಲಿ ಒತ್ತಿ ಹಿಡಿದಳು, ಬ್ಲೇಡು ಎಳೆದಳು, ಎಷ್ಟು ಸಲೀಸಾಗಿ ಬಂತು, ಒಂದು ಮೂಲೆ ಅಂಗೈಗೆ ಬಿತ್ತು, ಹಾಳೆ ನೋಡಿದಳು — ಮೂಲೆ ಇಲ್ಲ. ಮೂಲೆ ಇಲ್ಲದ ಕಾಗದ. ಸಿಂಗಟಗೆರೆಯ ತವರುಮನೆ, ಜಗಲಿ, ಅವಳಿನ್ನೂ ಲಂಗ ಉಟ್ಟಿದ್ದಾಳೆ, ಅಂಚೆಯ ಕಲ್ಲಪ್ಪ ದಿನಾ ಅಮ್ಮಾವ್ರೇ ಕಾಗ್ದಾ ಅಂತ ಕೂಗುವವನು ಕೂಗದೆ ಕಾರ್ಡನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದಾನೆ, ಅಪ್ಪ ಬೆನಕಪ್ಪ ಆಗ ಶಿವಮೊಗ್ಗದ ಆಸ್ಪತ್ರೆಯಲ್ಲಿ, ಅವ್ವ ಅಕ್ಕಿ ಆರಿಸುತ್ತಿದ್ದವಳು ಎದ್ದು ಬಂದಳು, ಕಾರ್ಡನ್ನು ಓದಲಿಲ್ಲ, ತಿರುಗಿಸಲೂ ಇಲ್ಲ, ಅದರ ಒಂದು ಮೂಲೆ ಹರಿದಿತ್ತು, ಅಷ್ಟು ನೋಡಿದವಳೇ ಕುಸಿದು ಕೂತಳು, ಸಾವಿನ ಕಾಗದಕ್ಕೆ ಓದು ಬೇಕೆ, ಮೂಲೆ ಹರಿದಿದ್ದರೆ ಸಾಕು, ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು, ತನಗೆ ಗೊತ್ತಿರಲಿಲ್ಲವೆ, ಯಾರ ಹೆಸರಿಗೆ ಹರಿದಳು ಈಗ, ಯಾರ ಕೈಯ ಅರಿಶಿನ ಇದು, ಮನೆಯಲ್ಲಿ ಅತ್ತೆ ಹೊಸಲ ಮೇಲೆ ಕೂತಿರುತ್ತಾರೆ, ಸಂಜೆ ಬಸ್ಸಿಗೆ ಕಿವಿಗೊಟ್ಟು, ಏನಂದ್ರಮ್ಮಾ, ಒಪ್ಕಂಡ್ರಾ, ನಾನ್ ಹೇಳ್ಲಿಲ್ವಾ, ಒಪ್ಕೋತಾರೆ ಅಂತ, ಅಂಟಿಸಿದರೆ ಆದೀತೆ, ಮೆಂತ್ಯದ ನೀರಲ್ಲಿ ನೆನೆಸಿ ಅಂಟಿಸಿದರೆ, ಗೆರೆ ಉಳಿಯುತ್ತದೆ, ಕತ್ತರಿಸಿದ ಗೆರೆ ಓರೆ ಬೆಳಕಿಗೆ ಕಾಣುತ್ತದೆ, ಇನ್ನೂ ಮೂರಿದೆಯಲ್ಲಮ್ಮಾ, ಶಿವಮೂರ್ತಪ್ಪನವರ ದನಿ, ಯಾಕೆ ನಿಲ್ಲಿಸಿದ್ರಿ, ಹೌದು ಸರ್, ಇನ್ನೂ ಮೂರು, ಬ್ಲೇಡು ಬೆರಳುಗಳ ನಡುವೆ, ಆದರೆ ಕೈ ಏಳುತ್ತಿಲ್ಲ, ಏಳುವುದಿಲ್ಲ, ಅಂಗೈಯಲ್ಲಿ ಮೂಲೆ, ಮೂಲೆಯಲ್ಲಿ ಅತ್ತೆಯ ಹೆಬ್ಬೆರಳು.